ಕಾರವಾರದಲ್ಲಿದ್ದುಕೊಂಡೇ ಆಫ್ರಿಕಾ ಅಧ್ಯಯನದ ಮೂಲ ದಾಖಲೆಗಳನ್ನು ಹುಡುಕುವ ಕ್ರಮ

ಉತ್ತರ ಕನ್ನಡದಲ್ಲಿ ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಗಂಭೀರವಾಗಿ ಓದುವವರು ಒಂದಲ್ಲ ಒಂದು ಹಂತದಲ್ಲಿ ಆಫ್ರಿಕಾದ ಕಡೆಗೆ ಮುಖ ಮಾಡಲೇಬೇಕಾಗುತ್ತದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಭಾಗದ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಕಾರವಾರದ ಬಳಿಯ ಸಮುದ್ರದಲ್ಲಿರುವ ಅಂಜುದೀವ ದ್ವೀಪ 1961ರ ಡಿಸೆಂಬರ್‌ವರೆಗೆ ಮೊಜಾಂಬಿಕ್ ಮತ್ತು ಅಂಗೋಲಾಗಳನ್ನು ಆಳುತ್ತಿದ್ದ ಸರ್ಕಾರದ ಕೈಯಲ್ಲೇ ಇತ್ತು. ಆದರೂ ನಮ್ಮ ಜಿಲ್ಲೆಯಲ್ಲಿ ಸಿದ್ಧವಾಗುವ ಪ್ರಬಂಧಗಳಲ್ಲಿ ಆಫ್ರಿಕಾದ ಮಾತು ಬಂದಾಗ, ಬೇರೆ ಯಾರೋ ಬರೆದ ಪುಸ್ತಕದಿಂದ ಎರಡು ಪುಟಗಳ ಸಾರಾಂಶ ಕೊಟ್ಟು ಮುಂದೆ ಸಾಗುವುದು ರೂಢಿಯಾಗಿಬಿಟ್ಟಿದೆ. ದೂರ, ಖರ್ಚು ಮತ್ತು ಭಾಷೆ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಮೂರೂ ತೊಡಕುಗಳು ನಿಜವೇ. ಆದರೆ ಇಂದು ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇರುವ ಯಾವುದೇ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಇವುಗಳಲ್ಲಿ ಬಹುಪಾಲನ್ನು ದಾಟಬಹುದು.

ದಾಖಲೆ ಹುಡುಕಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿದೆ: ನಾನು ಅಧ್ಯಯನ ಮಾಡುವ ಊರಿನ ಅಧಿಕಾರಿ ಆ ವರ್ಷದಲ್ಲಿ ಯಾರಿಗೆ ವರದಿ ಒಪ್ಪಿಸುತ್ತಿದ್ದ? ಬರೆದವನ ಕಚೇರಿಯಲ್ಲಿ ಒಂದು ಪ್ರತಿ, ಓದಿದವನ ಕಚೇರಿಯಲ್ಲಿ ಒಂದು ಪ್ರತಿ ಉಳಿಯುವುದು ಎಲ್ಲ ಆಡಳಿತಗಳ ಪದ್ಧತಿ. ಆದ್ದರಿಂದ ವರದಿ ಸಾಗಿದ ದಾರಿಯನ್ನು ಹಿಡಿದು ಹೋದರೆ ದಾಖಲೆ ಇರುವ ಜಾಗ ತಾನಾಗಿ ತಿಳಿಯುತ್ತದೆ. ಈ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಗೂಗಲ್‌ನಲ್ಲಿ ವಾರಗಟ್ಟಲೆ ಹುಡುಕಿದರೂ ಕೈಗೆ ಸಿಗುವುದು ಚದುರಿದ ತುಣುಕುಗಳು ಮಾತ್ರ.

ಮೊಜಾಂಬಿಕ್ 1752ರವರೆಗೆ ಗೋವೆಯ ವೈಸರಾಯ್ ಅಧೀನದಲ್ಲಿತ್ತು. ಹಾಗಾಗಿ ಅದಕ್ಕಿಂತ ಹಿಂದಿನ ಕಾಲವನ್ನು ಅಧ್ಯಯನ ಮಾಡುವವರು ಮೊದಲು ಹೋಗಬೇಕಾದದ್ದು ಪಣಜಿಯ ಗೋವಾ ರಾಜ್ಯ ಪತ್ರಾಗಾರಕ್ಕೆ. 1752ರ ನಂತರದ ಕಾಲಕ್ಕೆ ಲಿಸ್ಬನ್ನಿನಲ್ಲಿರುವ ಸಾಗರೋತ್ತರ ಇತಿಹಾಸ ಪತ್ರಾಗಾರವೇ ಮುಖ್ಯ. ಜಾಂಜಿಬಾರ್‌ನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ 1873ರವರೆಗೆ ಮುಂಬಯಿ ಸರ್ಕಾರಕ್ಕೆ ವರದಿ ಕಳಿಸುತ್ತಿದ್ದುದರಿಂದ ಆ ಕಾಲದ ಗುಲಾಮ ವ್ಯಾಪಾರ, ಕಚ್ಛಿ ವರ್ತಕರು, ಒಮಾನಿ ಸುಲ್ತಾನರ ಕುರಿತ ಪತ್ರಗಳು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಸಿಗುತ್ತವೆ. ನಮ್ಮ ಜಿಲ್ಲೆಯೂ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಕಾರವಾರದ ಕಲೆಕ್ಟರ್ ಬರೆದ ಪತ್ರ ಮತ್ತು ಜಾಂಜಿಬಾರ್‌ನ ಪ್ರತಿನಿಧಿ ಬರೆದ ಪತ್ರ ಎರಡೂ ಒಂದು ಕಾಲದಲ್ಲಿ ಒಂದೇ ಸರ್ಕಾರದ ಮೇಜಿಗೆ ಬರುತ್ತಿದ್ದವು ಎಂಬುದು ಅರ್ಥವಾಗುತ್ತದೆ. ಇನ್ನು ಇಂದಿನ ಕೆನ್ಯಾ 1905ರವರೆಗೆ ಬ್ರಿಟನ್ನಿನ ವಿದೇಶಾಂಗ ಕಚೇರಿಯ ಕೈಯಲ್ಲಿದ್ದು, ಬಳಿಕ ವಸಾಹತು ಕಚೇರಿಗೆ ವರ್ಗವಾಯಿತು. ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿ ಮೊದಲ ಅವಧಿಯ ಪತ್ರಗಳು ಎಫ್‌ಒ 2 ಎಂಬ ಸರಣಿಯಲ್ಲೂ ನಂತರದವು ಸಿಒ 533 ಎಂಬ ಸರಣಿಯಲ್ಲೂ ಇರುವುದು ಇದೇ ಕಾರಣಕ್ಕೆ. 1903ರ ವಿಷಯವನ್ನು ಎರಡನೆಯ ಸರಣಿಯಲ್ಲಿ ಹುಡುಕಿ ಏನೂ ಇಲ್ಲವೆಂದು ಕೈಬಿಡುವುದು ಸುಲಭ.

ಒಂದು ಪ್ರಶ್ನೆಯನ್ನು ಹಿಡಿದು ನಡೆದರೆ ಕ್ರಮ ಇನ್ನಷ್ಟು ಸ್ಪಷ್ಟವಾದೀತು. 1961ರ ನವೆಂಬರ್‌ನಲ್ಲಿ ಅಂಜುದೀವದಿಂದ ಸಬರಮತಿ ಎಂಬ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18 ಮತ್ತು 19ರಂದು ಭಾರತದ ಸೇನೆ ಗೋವಾ, ದಮನ್ ಮತ್ತು ದಿಯುಗಳನ್ನು ವಿಮೋಚನೆಗೊಳಿಸಿತು. ಇಷ್ಟು ಭಾಗ ಕಾರವಾರದ ಹಿರಿಯರಿಗೆಲ್ಲ ಗೊತ್ತಿದೆ. ಇದರ ಬೆನ್ನಿಗೇ ಮೊಜಾಂಬಿಕ್‌ನಲ್ಲಿದ್ದ ಭಾರತೀಯ ಪೌರರನ್ನು ಅಲ್ಲಿನ ಪೋರ್ಚುಗೀಸ್ ಆಡಳಿತ ಶಿಬಿರಗಳಲ್ಲಿ ಬಂಧಿಸಿಟ್ಟಿತು, ಅವರ ಆಸ್ತಿಯನ್ನು ವಶಪಡಿಸಿಕೊಂಡಿತು ಮತ್ತು ಬಹಳ ಜನರನ್ನು ದೇಶದಿಂದ ಹೊರಗೆ ಕಳಿಸಿತು. ಈ ಎರಡನೆಯ ಭಾಗದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಇದರ ಮೇಲೆ ಒಬ್ಬ ವಿದ್ಯಾರ್ಥಿ ಪ್ರಬಂಧ ಬರೆಯಲು ನಿರ್ಧರಿಸಿದರೆ ಎಲ್ಲಿಂದ ತೊಡಗಬೇಕು?

ಗೆಜೆಟ್ ಓದುವ ಅಭ್ಯಾಸ

ನನ್ನ ಅಭಿಪ್ರಾಯದಲ್ಲಿ ಆರಂಭಕ್ಕೆ ಗೆಜೆಟ್‌ಗಿಂತ ಒಳ್ಳೆಯ ದಾಖಲೆ ಇಲ್ಲ. ಸರ್ಕಾರ ಏನು ಯೋಚಿಸಿತು ಎಂಬುದನ್ನು ಅದು ಹೇಳದಿದ್ದರೂ, ಯಾವ ದಿನ ಏನನ್ನು ಕಾನೂನಾಗಿ ಪ್ರಕಟಿಸಿತು ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತಿಳಿಸುತ್ತದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದೂ ಗೆಜೆಟ್‌ನಲ್ಲಿ ಪ್ರಕಟವಾದ ಕಾಯ್ದೆಯ ಬಲದಿಂದಲೇ ಎಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಮೊಜಾಂಬಿಕ್‌ನ ಗೆಜೆಟ್ 1854ರಲ್ಲಿ ಬೊಲೆಟಿಮ್ ಒಫಿಸಿಯಾಲ್ ಎಂಬ ಹೆಸರಿನಲ್ಲಿ ಶುರುವಾಯಿತು. 1975ರ ಜೂನ್ 25ರಂದು ದೇಶ ಸ್ವತಂತ್ರವಾದ ಮೇಲೆ ಅದು ಬೊಲೆಟಿಮ್ ದ ರೆಪುಬ್ಲಿಕಾ ಆಯಿತು. ಹೆಸರು ಬದಲಾದ ವರ್ಷ ತಿಳಿಯದಿದ್ದರೆ ಗ್ರಂಥಾಲಯದ ಸೂಚಿಯಲ್ಲಿ ಅರ್ಧ ಭಾಗ ಕಣ್ತಪ್ಪಿ ಹೋಗುತ್ತದೆ.

ಆಫ್ರಿಕಾದ ಅನೇಕ ದೇಶಗಳ ಗೆಜೆಟ್‌ಗಳನ್ನು ಒಂದೇ ಕಡೆ ಉಚಿತವಾಗಿ ಓದಲು ಗೆಜೆಟ್ಸ್ ಡಾಟ್ ಆಫ್ರಿಕಾ ಎಂಬ ಜಾಲತಾಣವಿದೆ. ಅದರಲ್ಲಿ ದೇಶ ಮತ್ತು ವರ್ಷವನ್ನು ಆರಿಸಿ ಸಂಚಿಕೆಗಳನ್ನು ತೆರೆಯಬಹುದು. ಕೆಲವು ದೇಶಗಳ ಸಂಗ್ರಹ ದಟ್ಟವಾಗಿದೆ, ಕೆಲವದರಲ್ಲಿ ವರ್ಷಗಟ್ಟಲೆ ಖಾಲಿ ಇದೆ; ಆದ್ದರಿಂದ ಅಲ್ಲಿ ಸಿಗಲಿಲ್ಲವೆಂದರೆ ಪ್ರಕಟವೇ ಆಗಿಲ್ಲವೆಂದು ತೀರ್ಮಾನಿಸಬಾರದು. ಕೆನ್ಯಾದ ಗೆಜೆಟ್ 1899ರಿಂದ ಹೊರಡುತ್ತಿದ್ದು ಅದರ ಬಹುಪಾಲು ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಪೂರ್ತಿಯಾಗಿ ತೆರೆದುಕೊಳ್ಳುತ್ತವೆ.

ಹೊಸಬರು ಅಭ್ಯಾಸಕ್ಕಾಗಿ ಕೆನ್ಯಾ ಗೆಜೆಟ್‌ನ ಒಂದು ಹಳೆಯ ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೆಂದು ನಾನು ಒತ್ತಾಯಿಸುತ್ತೇನೆ. ಮುಖಪುಟದಲ್ಲಿ ಸಂಪುಟ, ಸಂಚಿಕೆ, ತಾರೀಖು ಇರುತ್ತವೆ. ಒಳಗೆ ಸಂಖ್ಯೆ ಹಾಕಿದ ಪ್ರಕಟಣೆಗಳು ಸಾಲಾಗಿ ಬರುತ್ತವೆ: ನೇಮಕ, ವರ್ಗ, ರಜೆ, ಜಮೀನು ಮಂಜೂರಾತಿ, ಲೈಸೆನ್ಸ್, ಪಾಲುದಾರಿಕೆ ಮುರಿದ ಸೂಚನೆ, ದಿವಾಳಿ ಅರ್ಜಿ, ತೀರಿಕೊಂಡವರ ಆಸ್ತಿಯ ವಿಲೇವಾರಿ. ಸಾಮಾನ್ಯರ ಬದುಕು ಸಿಗುವುದು ಈ ಕೊನೆಕೊನೆಯ ಪುಟಗಳಲ್ಲಿ. ಮೊಂಬಾಸಾದಲ್ಲಿ ಅಂಗಡಿಯಿಟ್ಟ ಗುಜರಾತಿ, ನೈರೋಬಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗೋವೆಯ ಕ್ರೈಸ್ತ, ರೈಲ್ವೆಯಲ್ಲಿದ್ದ ಪಂಜಾಬಿ ಇವರ ಹೆಸರು ಯಾವ ಇತಿಹಾಸ ಗ್ರಂಥದಲ್ಲೂ ಇಲ್ಲದಿದ್ದರೂ ಇಲ್ಲಿ ಇರುತ್ತದೆ. ಆದರೆ ಸ್ಕ್ಯಾನ್ ಮಾಡಿದ ಪುಟದ ಅಕ್ಷರಗಳನ್ನು ಯಂತ್ರ ಗುರುತಿಸಿರುವುದರಿಂದ ತಪ್ಪುಗಳು ಧಾರಾಳವಾಗಿರುತ್ತವೆ. ಡಿಸೋಜ ಎಂಬ ಒಂದೇ ಅಡ್ಡಹೆಸರನ್ನು ರೋಮನ್ ಲಿಪಿಯಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆದು ಬೇರೆ ಬೇರೆಯಾಗಿ ಹುಡುಕಬೇಕು. ಕೊನೆಗೆ ಸಂಬಂಧಪಟ್ಟ ತಿಂಗಳಿನ ಸಂಚಿಕೆಗಳ ಮೇಲೆ ಕಣ್ಣಾಡಿಸಲೇಬೇಕು.

ಮೊಜಾಂಬಿಕ್ ಪ್ರಶ್ನೆಗೆ ಮರಳೋಣ. ಬಂಧನ ಮತ್ತು ಆಸ್ತಿ ವಶದ ಹಿಂದೆ ಕಾನೂನಿನ ಆದೇಶಗಳು ಇರಲೇಬೇಕು. ಅವುಗಳಲ್ಲಿ ಕೆಲವು ಲಿಸ್ಬನ್ನಿನಲ್ಲಿ, ಕೆಲವು ಮೊಜಾಂಬಿಕ್‌ನ ರಾಜಧಾನಿಯಲ್ಲಿ ಹೊರಟಿರುವ ಸಂಭವವಿರುವುದರಿಂದ ಪೋರ್ಚುಗಲ್‌ನ ಗೆಜೆಟ್ ಮತ್ತು ಮೊಜಾಂಬಿಕ್‌ನ ಗೆಜೆಟ್ ಎರಡನ್ನೂ 1961ರ ಡಿಸೆಂಬರ್‌ನಿಂದ 1962ರ ಕೊನೆಯವರೆಗೆ ನೋಡಬೇಕು. ಪೋರ್ಚುಗಲ್‌ನ ಹಳೆಯ ಗೆಜೆಟ್ ಆ ದೇಶದ ಸರ್ಕಾರಿ ಜಾಲತಾಣದಲ್ಲೇ ಲಭ್ಯವಿದೆ. ಅವೇರು ವಿಶ್ವವಿದ್ಯಾಲಯ ನಡೆಸುವ ಮೆಮೊರಿಯಾ ದೆ ಆಫ್ರಿಕಾ ಎಂಬ ಜಾಲತಾಣದಲ್ಲಿ ಪೋರ್ಚುಗೀಸ್ ವಸಾಹತುಗಳ ಮುದ್ರಿತ ಸಾಮಗ್ರಿಯ ದೊಡ್ಡ ಸೂಚಿಯೂ, 1925ರಿಂದ ಲಿಸ್ಬನ್ನಿನ ವಸಾಹತು ಪ್ರಚಾರ ಸಂಸ್ಥೆ ಹೊರಡಿಸುತ್ತಿದ್ದ ಮಾಸಪತ್ರಿಕೆಯ ಸಂಚಿಕೆಗಳೂ ಇವೆ. ಆ ಮಾಸಪತ್ರಿಕೆ ಸರ್ಕಾರದ ಪರ ವಾದವನ್ನೇ ಹೇಳುತ್ತದೆ. ಸರ್ಕಾರ ತನ್ನನ್ನು ಹೇಗೆ ತೋರಿಸಿಕೊಳ್ಳಲು ಬಯಸಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಕಾಲದ ಪೋರ್ಚುಗೀಸ್ ಕಾಗದಪತ್ರಗಳಲ್ಲಿ ‘ಎಸ್ತಾದು ದ ಇಂಡಿಯಾ’ ಎಂದರೆ ಗೋವಾ, ದಮನ್, ದಿಯುಗಳ ವಸಾಹತು. ನಮ್ಮ ಗಣರಾಜ್ಯವನ್ನು ಅವರು ‘ಉನಿಯಾವ್ ಇಂಡಿಯಾನಾ’ ಎಂದು ಬರೆಯುತ್ತಿದ್ದರು. ಬರೀ ಇಂಡಿಯಾ ಎಂದು ಹುಡುಕಿದವರಿಗೆ ಗೋವೆಯ ನೇಮಕಾತಿಗಳು ರಾಶಿ ಬೀಳುತ್ತವೆ, ಬೇಕಾದ ಆದೇಶ ಸಿಗುವುದಿಲ್ಲ. ಊರಿನ ಹೆಸರಿಗೂ ಇದೇ ನಿಯಮ. ಮೊಜಾಂಬಿಕ್‌ನ ರಾಜಧಾನಿ 1976ರಲ್ಲಿ ಮಾಪುಟೊ ಆಗುವ ಮೊದಲು ಲೊರೆನ್ಸು ಮಾರ್ಕೆಸ್ ಆಗಿತ್ತು. ಹರಾರೆ 1982ರವರೆಗೆ ಸಾಲಿಸ್‌ಬರಿ. ಘಾನಾ 1957ರವರೆಗೆ ಗೋಲ್ಡ್ ಕೋಸ್ಟ್. ಮಲಾವಿ 1964ರವರೆಗೆ ನ್ಯಾಸಾಲ್ಯಾಂಡ್. ಬ್ರಿಟಿಷರ ಕಡತಗಳಲ್ಲಿ ಉತ್ತರ ಕನ್ನಡವನ್ನು ನಾರ್ತ್ ಕೆನರಾ ಎಂದು ಹುಡುಕಿ ಬಲ್ಲ ನಮಗೆ ಇದು ಹೊಸ ಪಾಠವೇನೂ ಅಲ್ಲ.

ಸಂಸತ್ತು, ವಿಶ್ವಸಂಸ್ಥೆ ಮತ್ತು ನಮ್ಮದೇ ಸರ್ಕಾರದ ಕಡತಗಳು

ಗೆಜೆಟ್‌ನ ನಂತರ ಚರ್ಚೆಯ ನಡಾವಳಿಗಳನ್ನು ನೋಡಬೇಕು. ಭಾರತದ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಲೋಕಸಭೆಯ ಹಳೆಯ ಕಲಾಪಗಳೆಲ್ಲ ಉಚಿತವಾಗಿ ಸಿಗುತ್ತವೆ. ರಾಜ್ಯಸಭೆಯ ಕಲಾಪಗಳಿಗೂ ಅಂಥದೇ ವ್ಯವಸ್ಥೆಯಿದೆ. 1962ರ ಆರಂಭದಲ್ಲಿ ಸಾರ್ವತ್ರಿಕ ಚುನಾವಣೆ ನಡೆದು ಏಪ್ರಿಲ್‌ನಲ್ಲಿ ಮೂರನೆಯ ಲೋಕಸಭೆ ಅಸ್ತಿತ್ವಕ್ಕೆ ಬಂದುದರಿಂದ, ಎರಡನೆಯ ಮತ್ತು ಮೂರನೆಯ ಲೋಕಸಭೆಗಳೆರಡರಲ್ಲೂ ಹುಡುಕದಿದ್ದರೆ ಕಥೆ ನಡುವಿನಲ್ಲಿ ತುಂಡಾಗುತ್ತದೆ. ಭಾಷಣಗಳಿಗಿಂತ ಪ್ರಶ್ನೋತ್ತರಗಳಿಗೆ ಹೆಚ್ಚು ಗಮನ ಕೊಡಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಸಚಿವರು ಕೊಟ್ಟ ಲಿಖಿತ ಉತ್ತರಗಳಲ್ಲಿ ಎಷ್ಟು ಜನ, ಯಾವ ಹಡಗು, ಯಾವ ಪರಿಹಾರ ಎಂಬಂಥ ವಿವರಗಳು ಅಡಗಿರುತ್ತವೆ ಮತ್ತು ಇವುಗಳನ್ನು ಸಂಶೋಧಕರು ಬಹಳ ಸಲ ನೋಡದೆ ಬಿಡುತ್ತಾರೆ.

ಸರ್ವಾಧಿಕಾರಿ ಸಾಲಜಾರನ ಆಡಳಿತದಲ್ಲಿದ್ದ ಪೋರ್ಚುಗಲ್‌ನ ರಾಷ್ಟ್ರೀಯ ಸಭೆಯ ಕಲಾಪಗಳನ್ನೂ ಆ ದೇಶದ ಸಂಸತ್ತು ಜಾಲತಾಣದಲ್ಲಿ ಹಾಕಿದೆ. ಬ್ರಿಟನ್ ಆಳಿದ ದೇಶಗಳ ವಿಷಯವಾದರೆ 1803ರಿಂದ 2005ರವರೆಗಿನ, ಬ್ರಿಟಿಷ್ ಸಂಸತ್ತಿನ ಕಲಾಪಗಳ ಅಧಿಕೃತ ವರದಿಯಾದ ಹ್ಯಾನ್‌ಸಾರ್ಡ್ ಉಚಿತವಾಗಿದೆ. ಇಂದಿನ ದಕ್ಷಿಣ ಆಫ್ರಿಕಾದ ಬಗ್ಗೆ ಬರೆಯುವವರಿಗೆ ಪಾರ್ಲಿಮೆಂಟರಿ ಮಾನಿಟರಿಂಗ್ ಗ್ರೂಪ್ ಪ್ರಕಟಿಸುವ ಸಮಿತಿ ಸಭೆಗಳ ವರದಿಗಳಿಗಿಂತ ಉಪಯುಕ್ತವಾದದ್ದು ಬೇರೆ ಇಲ್ಲ.

ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯ ನಮ್ಮ ಪ್ರಶ್ನೆಗೆ ಅನಿವಾರ್ಯ. 1960ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಅಂಗೀಕರಿಸಿದ 1542ನೆಯ ನಿರ್ಣಯ, ಪೋರ್ಚುಗಲ್ ತನ್ನ ಪ್ರಾಂತ್ಯಗಳೆಂದು ಹೇಳಿಕೊಳ್ಳುತ್ತಿದ್ದ ಗೋವಾ, ಮೊಜಾಂಬಿಕ್, ಅಂಗೋಲಾ ಎಲ್ಲವನ್ನೂ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಒಂದೇ ಪಟ್ಟಿಯಲ್ಲಿ ಇಟ್ಟಿತು. ಗೋವಾ ಕಾರ್ಯಾಚರಣೆಯ ಕುರಿತು 1961ರ ಡಿಸೆಂಬರ್ 18ರಂದು ಭದ್ರತಾ ಮಂಡಳಿಯಲ್ಲಿ ನಡೆದ ಚರ್ಚೆಯ ಅಕ್ಷರಶಃ ವರದಿಯನ್ನು ಅಲ್ಲೇ ಓದಬಹುದು. ಆಫ್ರಿಕಾದ ರಾಷ್ಟ್ರಗಳು ಗೋವೆಯನ್ನು ತಮ್ಮ ಹೋರಾಟದ ಭಾಗವಾಗಿ ಕಂಡದ್ದು ಹೇಗೆ ಎಂಬುದು ನಮ್ಮ ಕರಾವಳಿಯ ಇತಿಹಾಸ ಬರೆಯುವವರಿಗೂ ಬೇಕಾದ ವಿಷಯ. ಹಿಂದಿನ ಟ್ಯಾಂಗನಿಕಾ, ಕ್ಯಾಮರೂನ್, ಟೋಗೊ, ರುವಾಂಡಾ-ಉರುಂಡಿಗಳ ಅಧ್ಯಯನಕ್ಕೆ ಟ್ರಸ್ಟೀಶಿಪ್ ಮಂಡಳಿಗೆ (ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿದ್ದ ಇಂಥ ಪ್ರದೇಶಗಳನ್ನು ನೋಡಿಕೊಳ್ಳುತ್ತಿದ್ದ ಮಂಡಳಿ) ಅಲ್ಲಿನ ಜನರೇ ಬರೆದ ಮನವಿಗಳು ಇದೇ ಗ್ರಂಥಾಲಯದಲ್ಲಿವೆ; ಆಳುವವರ ದನಿಯೇ ತುಂಬಿರುವ ಸರ್ಕಾರಿ ದಾಖಲೆಗಳ ನಡುವೆ ಆಳಿಸಿಕೊಂಡವರ ಮಾತು ನೇರವಾಗಿ ಕೇಳಿಸುವ ಅಪರೂಪದ ಜಾಗ ಅದು.

ಭಾರತ ಸರ್ಕಾರದ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಅಲ್ಲಿನ ಹುಡುಕಾಟ ಕಡತದ ಶೀರ್ಷಿಕೆಯ ಮೇಲೆ ನಡೆಯುತ್ತದೆ. ಒಳಗಿನ ಪುಟಗಳ ಮೇಲೆ ನಡೆಯುವುದಿಲ್ಲ. ಶೀರ್ಷಿಕೆ ಬರೆದವನು ಆ ಕಾಲದ ಗುಮಾಸ್ತ. ಅವನು ಬಳಸಿರಬಹುದಾದ ಪದಗಳಲ್ಲಿ, ಅಂದರೆ ‘ಮೊಜಾಂಬಿಕ್‌ನಲ್ಲಿರುವ ಭಾರತೀಯ ಪ್ರಜೆಗಳು’, ‘ಪೋರ್ಚುಗೀಸ್ ಪೂರ್ವ ಆಫ್ರಿಕಾ’, ‘ಮರಳಿ ಕರೆತರುವಿಕೆ’, ‘ಸ್ಥಗಿತಗೊಂಡ ಆಸ್ತಿ’ ಎಂಬ ಅರ್ಥದ ಇಂಗ್ಲಿಷ್ ಪದಗಳಲ್ಲಿ ಒಂದೊಂದಾಗಿ ಹುಡುಕಬೇಕು. ಸ್ವಾತಂತ್ರ್ಯಪೂರ್ವದ ವಿಷಯಗಳಿಗೆ ವಿದೇಶಾಂಗ ಮತ್ತು ರಾಜಕೀಯ ಇಲಾಖೆ ಹಾಗೂ ವಲಸೆ ನೋಡಿಕೊಳ್ಳುತ್ತಿದ್ದ ಇಲಾಖೆಗಳು, ಆಮೇಲಿನದಕ್ಕೆ ವಿದೇಶಾಂಗ ಸಚಿವಾಲಯ ಎಂದು ವಿಂಗಡಿಸಿಕೊಳ್ಳಿ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯನ್ವಯ ಇಪ್ಪತ್ತೈದು ವರ್ಷ ಕಳೆದ ಕಡತಗಳು ಪತ್ರಾಗಾರಕ್ಕೆ ಬರಬೇಕಾದರೂ, ಎಲ್ಲವೂ ಬಂದಿರುತ್ತವೆ ಎಂದು ನಂಬಿ ಕೆಲಸದ ವೇಳಾಪಟ್ಟಿ ಹಾಕಿಕೊಳ್ಳಬಾರದು. ಕಡತ ತೆರೆಯದಿದ್ದ ಪಕ್ಷದಲ್ಲಿ ಸಚಿವಾಲಯದ ವಾರ್ಷಿಕ ವರದಿಗಳೂ, 1955ರಿಂದ ಅದು ಹೊರಡಿಸುತ್ತಿದ್ದ ಫಾರಿನ್ ಅಫೇರ್ಸ್ ರೆಕಾರ್ಡ್ ಎಂಬ ಮಾಸಿಕವೂ ಆಧಾರವಾಗುತ್ತವೆ.

ಭಾರತ ಮತ್ತು ಪೋರ್ಚುಗಲ್ ನಡುವೆ 1955ರಿಂದಲೇ ರಾಜತಾಂತ್ರಿಕ ಸಂಬಂಧ ಇರಲಿಲ್ಲ. ಹಾಗಾದರೆ ಲೊರೆನ್ಸು ಮಾರ್ಕೆಸ್‌ನಲ್ಲಿ ಬಂಧಿತರಾದ ಭಾರತೀಯರ ಯೋಗಕ್ಷೇಮವನ್ನು ಯಾವ ದೇಶದ ರಾಯಭಾರಿ ವಿಚಾರಿಸಿದ? ವರದಿ ಸಾಗಿದ ದಾರಿಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಸಂಬಂಧ ಕಡಿದುಕೊಂಡ ದೇಶಗಳ ನಡುವೆ ಮೂರನೆಯ ದೇಶವೊಂದು ನಿಂತಿರುತ್ತದೆ ಮತ್ತು ಅದರ ಕಡತಗಳಲ್ಲಿ ನಮ್ಮವರ ಹೆಸರುಗಳಿರುತ್ತವೆ. ಲೊರೆನ್ಸು ಮಾರ್ಕೆಸ್‌ನಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಕಾನ್ಸಲ್ ಕಚೇರಿಗಳೂ ಇದ್ದವು. ಅವರು ತಮ್ಮ ರಾಜಧಾನಿಗಳಿಗೆ ಬರೆದ ವರದಿಗಳನ್ನು ಕ್ಯೂ ಪತ್ರಾಗಾರದ ಸೂಚಿಯಲ್ಲಿಯೂ, ಅಮೆರಿಕದ ವಿದೇಶಾಂಗ ಇಲಾಖೆ 1861ರಿಂದ ಪ್ರಕಟಿಸುತ್ತ ಬಂದಿರುವ ದಾಖಲೆ ಸಂಪುಟಗಳಲ್ಲಿಯೂ ಹುಡುಕಬಹುದು. 1961ರಿಂದ 1963ರ ಅವಧಿಗೆ ದಕ್ಷಿಣ ಏಷ್ಯಾಕ್ಕೆ ಒಂದು, ಆಫ್ರಿಕಾಕ್ಕೆ ಇನ್ನೊಂದು ಸಂಪುಟವಿದ್ದು ಎರಡನ್ನೂ ಉಚಿತವಾಗಿ ಓದಬಹುದು.

ಪಣಜಿಗೆ ಹೋಗಬೇಕಾದಾಗ

ಕಾರವಾರದವರಿಗೆ ಇರುವ ಒಂದು ಅನುಕೂಲ ಬೆಂಗಳೂರು, ದೆಹಲಿಗಳ ಸಂಶೋಧಕರಿಗೆ ಇಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಮಾಜಾಳಿಯ ಗಡಿ ದಾಟಿದರೆ ಮಧ್ಯಾಹ್ನದೊಳಗೆ ಪಣಜಿಯಲ್ಲಿ ಕೆಲಸಕ್ಕೆ ಕೂರಬಹುದು. 1595ರಲ್ಲಿ ಆರಂಭವಾದ ಗೋವೆಯ ಪತ್ರಾಗಾರದಲ್ಲಿ, ಮಾನ್ಸೂನ್ ಗಾಳಿ ಹಿಡಿದು ಬರುತ್ತಿದ್ದ ಹಡಗುಗಳಲ್ಲಿ ಲಿಸ್ಬನ್ ಮತ್ತು ಗೋವೆಗಳ ನಡುವೆ ಓಡಾಡಿದ ಪತ್ರಗಳ ಸಂಪುಟಗಳಿವೆ. ಮಾನ್ಸೂನ್ ಪುಸ್ತಕಗಳೆಂದೇ ಅವುಗಳನ್ನು ಕರೆಯುತ್ತಾರೆ. ಪೂರ್ವ ಆಫ್ರಿಕಾದ ಕೋಟೆಗಳು, ದಂತ, ಗುಲಾಮರು, ಮೊಂಬಾಸಾದ ಯುದ್ಧ ಇವೆಲ್ಲದರ ಸುದ್ದಿ ಅವುಗಳಲ್ಲಿ ಬರುತ್ತದೆ. ಸಿದ್ದಿಗಳ ಇತಿಹಾಸ ಬರೆಯುವವರು ಈ ಸಂಪುಟಗಳನ್ನು ನೋಡದೆ ಬರೆಯುವುದು ತರವಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅಲ್ಲಿ ಮನುಷ್ಯರನ್ನು ಸರಕಿನ ಪಟ್ಟಿಯಲ್ಲಿ ಸೇರಿಸಿ ಬರೆದಿರುವುದನ್ನು ಓದುವುದು ಕಷ್ಟದ ಕೆಲಸ. ಬರೆದವನ ಹೆಸರು, ಹುದ್ದೆ, ಸಹಿ ಎಲ್ಲ ಇರುತ್ತವೆ. ಮಾರಾಟವಾದವರಿಗೆ ಯಜಮಾನರು ಇಟ್ಟ ಕ್ರೈಸ್ತ ಹೆಸರೊಂದು ಇದ್ದರೆ ಅದೇ ಹೆಚ್ಚು. ಯಲ್ಲಾಪುರ, ಹಳಿಯಾಳದ ಸಿದ್ದಿ ತರುಣ ತರುಣಿಯರು ಈ ಪುಟಗಳನ್ನು ತಾವೇ ಓದುವ ಕಾಲ ಬರಬೇಕು. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಹೋಗುವ ಮೊದಲು ಕಡತದ ಸಂಖ್ಯೆ ಕೈಯಲ್ಲಿರಬೇಕು. ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೇಳುವಾಗ ಸರ್ವೆ ನಂಬರ್ ಬೇಕಾಗುವಂತೆ ಪತ್ರಾಗಾರದ ಸಿಬ್ಬಂದಿಗೂ ಸಂಖ್ಯೆಯೇ ಮುಖ್ಯ. ‘ಮೊಜಾಂಬಿಕ್ ಬಗ್ಗೆ ಏನಿದ್ದರೂ ಕೊಡಿ’ ಎಂದರೆ ಅವರಿಗೂ ಕಷ್ಟ, ನಿಮಗೂ ನಷ್ಟ. ಈ ಸಂಖ್ಯೆಗಳನ್ನು ಸಂಪಾದಿಸುವ ಅತ್ಯುತ್ತಮ ಮಾರ್ಗವೆಂದರೆ ಹಿಂದೆ ಅದೇ ವಿಷಯದ ಮೇಲೆ ಬರೆದವರ ಅಡಿಟಿಪ್ಪಣಿಗಳನ್ನು ಓದುವುದು. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಉಚಿತವಾಗಿ ಕೊಡುವ ಶೋಧಗಂಗಾ ಜಾಲತಾಣದಲ್ಲಿರುವ ಪಿಎಚ್‌ಡಿ ಪ್ರಬಂಧಗಳನ್ನು, ಅದರಲ್ಲೂ ಮುಂಬಯಿ ಮತ್ತು ದೆಹಲಿ ವಿಶ್ವವಿದ್ಯಾಲಯಗಳ ಆಫ್ರಿಕಾ ಅಧ್ಯಯನ ವಿಭಾಗಗಳಿಂದ ಬಂದವನ್ನು, ತೆರೆದು ಕೊನೆಯ ಆಕರಸೂಚಿಯಿಂದ ಸಂಪುಟ ಮತ್ತು ಕಡತ ಸಂಖ್ಯೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಪಣಜಿಯ ಪತ್ರಾಗಾರದಿಂದ ಒಂದಷ್ಟು ಮಾನ್ಸೂನ್ ಸಂಪುಟಗಳು ಹದಿನೆಂಟನೆಯ ಶತಮಾನದಲ್ಲೇ ಲಿಸ್ಬನ್ನಿಗೆ ಹೋಗಿ ಟೋರೆ ದು ಟೊಂಬು ಪತ್ರಾಗಾರವನ್ನು ಸೇರಿವೆ ಎಂಬುದೂ ಹೀಗೆ ಮೊದಲೇ ತಿಳಿಯುತ್ತದೆ. ಘಟ್ಟದ ಮೇಲಿನಿಂದ, ಶಿರಸಿ ಸಿದ್ದಾಪುರದಿಂದ ಹೋಗುವವರು ಒಂದೇ ದಿನಕ್ಕೆ ಹೋಗಿ ಬರುವ ಯೋಚನೆಯನ್ನು ಬಿಟ್ಟು ನಾಲ್ಕೈದು ದಿನ ಉಳಿಯುವ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು. ಕಾಲೇಜಿನ ಪರಿಚಯ ಪತ್ರ ಮತ್ತು ಗುರುತಿನ ಚೀಟಿ ಜೊತೆಗಿರಲಿ.

ಪಣಜಿಯ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯದಲ್ಲಿ ಗೋವೆಯ ಹಳೆಯ ಪೋರ್ಚುಗೀಸ್ ಪತ್ರಿಕೆಗಳ ಸಂಗ್ರಹವೂ ಇದೆ. ಗೋವೆಯ ಅನೇಕ ಕುಟುಂಬಗಳು ಮೊಜಾಂಬಿಕ್, ಕೆನ್ಯಾ, ಉಗಾಂಡಾಗಳಲ್ಲಿ ನೆಲೆಸಿದ್ದರಿಂದ, ಆಫ್ರಿಕಾದ ಸುದ್ದಿ ಆ ಪತ್ರಿಕೆಗಳಲ್ಲಿ ಮನೆಯ ಸುದ್ದಿಯಾಗಿಯೇ ಬರುತ್ತಿತ್ತು.

ಭಾಷೆಯ ಬಗ್ಗೆ ಎರಡು ಮಾತು. ಮುದ್ರಿತ ಪೋರ್ಚುಗೀಸ್ ಪುಟದ ವಿಷಯ ಯಾವುದೆಂದು ತಿಳಿಯಲು ಯಂತ್ರಾನುವಾದ ಸಾಕು. ಉಲ್ಲೇಖಿಸುವ ವಾಕ್ಯಕ್ಕೆ ಸಾಲದು. ಆ ಭಾಷೆ ಬಲ್ಲ ಹಿರಿಯರು ಗೋವೆಯಲ್ಲಿ ಇನ್ನೂ ಇದ್ದಾರೆ. ಅವರ ಮುಂದೆ ಪುಟವನ್ನಿಟ್ಟು, ವಿನಯದಿಂದ ಕೇಳಿ, ಸಾಲು ಸಾಲಾಗಿ ಅರ್ಥ ಬರೆದುಕೊಳ್ಳುವುದು ಸರಿಯಾದ ದಾರಿ. ಹದಿನೇಳನೆಯ ಶತಮಾನದ ಕೈಬರಹವನ್ನು ಓದಲು ಮಾತ್ರ ಬೇರೆಯೇ ತರಬೇತಿ ಬೇಕು.

ಪತ್ರಿಕೆಗಳನ್ನು ಹುಡುಕುವುದು, ಓದುವುದು

ಆಫ್ರಿಕಾದ ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹಗಳಲ್ಲಿ ದೊಡ್ಡವು ಹಣ ಕೊಟ್ಟು ಚಂದಾದಾರರಾದ ವಿಶ್ವವಿದ್ಯಾಲಯಗಳಿಗೆ ಮಾತ್ರ ತೆರೆಯುತ್ತವೆ. ಉಚಿತವಾದವುಗಳಲ್ಲಿ ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಯೋಜನೆ, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆಫ್ರಿಕಾ ಸಂಗ್ರಹಗಳು, ಫ್ರೆಂಚ್ ವಸಾಹತುಗಳ ಪತ್ರಿಕೆಗಳಿಗಾಗಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಮೊಜಾಂಬಿಕ್‌ನ ಪತ್ರಿಕಾ ತುಣುಕುಗಳಿಗಾಗಿ ಮೊಜಾಂಬಿಕ್ ಹಿಸ್ಟರಿ ನೆಟ್ ಮುಖ್ಯವಾದವು. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ 1903ರಲ್ಲಿ ಆರಂಭವಾದ ಇಂಡಿಯನ್ ಒಪಿನಿಯನ್‌ನ ಸಂಚಿಕೆಗಳು ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿವೆ. ಯಾವುದೇ ಪತ್ರಿಕೆಯ ಯಾವ ವರ್ಷಗಳು ಜಗತ್ತಿನ ಯಾವ ಗ್ರಂಥಾಲಯದಲ್ಲಿ ಕಾಗದದಲ್ಲೋ ಮೈಕ್ರೋಫಿಲ್ಮ್‌ನಲ್ಲೋ ಇವೆ ಎಂದು ತಿಳಿಯಲು ಐಕಾನ್ ಎಂಬ ಅಂತರರಾಷ್ಟ್ರೀಯ ಪತ್ರಿಕಾ ಸೂಚಿಯನ್ನು ನೋಡಬೇಕು. ಹೀಗೆ ಜಾಗ ಗೊತ್ತಾದ ಮೇಲೆ ‘1961ರ ಡಿಸೆಂಬರ್ 18ರಿಂದ 31ರವರೆಗಿನ ಮುಖಪುಟಗಳು’ ಎಂಬಂತೆ ಖಚಿತವಾಗಿ ಕೇಳಿ ಗ್ರಂಥಪಾಲಕರಿಗೆ ಇಮೇಲ್ ಬರೆಯಿರಿ. ಚಿಕ್ಕದಾದ, ಸ್ಪಷ್ಟವಾದ ಕೋರಿಕೆಗೆ ದೂರದ ಗ್ರಂಥಾಲಯಗಳೂ ಸ್ಪಂದಿಸುತ್ತವೆ.

ಪತ್ರಿಕೆ ಸಿಕ್ಕಿದ ಮೇಲೆ ಅದರ ಒಡೆಯ ಯಾರು, ಓದುಗ ಯಾರು, ಅದರ ಮೇಲೆ ಯಾರ ಹಿಡಿತವಿತ್ತು ಎಂದು ಕೇಳದೆ ಒಂದು ಸಾಲನ್ನೂ ಉಲ್ಲೇಖಿಸಬಾರದು. ಲೊರೆನ್ಸು ಮಾರ್ಕೆಸ್‌ನಲ್ಲಿ 1926ರಿಂದ ಹೊರಡುತ್ತಿದ್ದ ನೊಟಿಸಿಯಾಸ್ ಪತ್ರಿಕೆ ವಸಾಹತು ಕಾಲದಲ್ಲಿ ಸೆನ್ಸಾರ್ ದಾಟಿಯೇ ಓದುಗರಿಗೆ ತಲುಪುತ್ತಿತ್ತು. ಆ ಆಡಳಿತದ ಪತ್ರಿಕೆಗಳ ಮೇಲೆ ಸೆನ್ಸಾರ್ ಪರಿಶೀಲಿಸಿದೆ ಎಂಬ ಒಂದು ಸಾಲು ಮುದ್ರಿತವಾಗಿರುತ್ತಿತ್ತು. ಆ ಸಾಲಿರುವ ಪುಟದಲ್ಲಿ ಭಾರತೀಯರ ಬಂಧನದ ಸುದ್ದಿ ಇಲ್ಲದಿದ್ದರೆ ಬಂಧನ ನಡೆದಿಲ್ಲವೆಂದು ಅರ್ಥವಲ್ಲ. ಬೈರಾ ನಗರದಲ್ಲಿ ಕ್ಯಾಥೊಲಿಕ್ ಬಿಷಪ್ ಆರಂಭಿಸಿದ ದಿಯಾರಿಯು ದೆ ಮೊಸಾಂಬಿಕ್ ಪತ್ರಿಕೆಯ ಧ್ವನಿ ಬೇರೆ, 1962ರಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ಸ್ಥಾಪನೆಯಾದ, ಮೊಜಾಂಬಿಕ್ ವಿಮೋಚನೆಗೆ ಹೋರಾಡಿದ ಫ್ರೆಲಿಮೊ ಸಂಘಟನೆ ಹೊರಡಿಸಿದ ಪತ್ರಿಕೆಗಳ ಧ್ವನಿ ಮತ್ತೂ ಬೇರೆ. ಕೆನ್ಯಾದಲ್ಲಿ ಇಂದಿನ ಸ್ಟ್ಯಾಂಡರ್ಡ್ ಪತ್ರಿಕೆಯನ್ನು 1902ರಲ್ಲಿ ಆರಂಭಿಸಿದವರು ಕರಾಚಿ ಮೂಲದ ವ್ಯಾಪಾರಿ ಎ. ಎಂ. ಜೀವನಜಿ, ಕೆಲವೇ ವರ್ಷಗಳಲ್ಲಿ ಅದು ಬಿಳಿಯರ ಕೈಸೇರಿ ನೆಲಸಿಗರ ಮುಖವಾಣಿಯಾಯಿತು. ಒಂದೇ ಪತ್ರಿಕೆಯನ್ನು 1903ರಲ್ಲಿ ಓದುವ ರೀತಿಯಲ್ಲಿ 1923ರಲ್ಲಿ ಓದಲಾಗದು.

ಸುದ್ದಿ ಮತ್ತು ಸರ್ಕಾರಿ ದಾಖಲೆಯನ್ನು ಅಕ್ಕಪಕ್ಕದಲ್ಲಿಟ್ಟು ಓದುವುದು ಏಕೆ ಮುಖ್ಯವೆಂಬುದಕ್ಕೆ ಉಗಾಂಡಾದ 1972ರ ಪ್ರಸಂಗ ಒಳ್ಳೆಯ ನಿದರ್ಶನ. ಆ ದೇಶದ ಸೇನಾ ಆಡಳಿತಗಾರ ಇದಿ ಅಮಿನ್ ಆಗಸ್ಟ್ 4ರಂದು ಸೈನಿಕರ ಮುಂದೆ ಮಾತನಾಡುತ್ತ, ಬ್ರಿಟಿಷ್ ಪಾಸ್‌ಪೋರ್ಟ್ ಹೊಂದಿದ ಏಷ್ಯನ್ನರು ದೇಶ ಬಿಡಬೇಕೆಂದು ಘೋಷಿಸಿದ. ಗಡುವು ತೊಂಬತ್ತು ದಿನ. ಕೆಲವೇ ದಿನಗಳಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರರೂ ಆ ಆಜ್ಞೆಯ ವ್ಯಾಪ್ತಿಗೆ ಬಂದರು ಮತ್ತು ಪ್ರವೇಶ ಪರವಾನಗಿಗಳನ್ನು ರದ್ದುಪಡಿಸುವ ಸುಗ್ರೀವಾಜ್ಞೆ ಹೊರಟಿತು. ಭಾಷಣದ ಸುದ್ದಿಯನ್ನು ಮಾತ್ರ ಓದಿದವರು ಗಡುವನ್ನು ಆಗಸ್ಟ್ 4ರಿಂದ ಎಣಿಸುತ್ತಾರೆ. ಆದರೆ ಗಡುವು ಮುಗಿದದ್ದು ನವೆಂಬರ್ 8ರಂದು. ಕಂಪಾಲಾದ ಉಗಾಂಡಾ ಆರ್ಗಸ್, ಸುಗ್ರೀವಾಜ್ಞೆಯ ಪಠ್ಯ, ಬ್ರಿಟನ್ನಿನ ಹ್ಯಾನ್‌ಸಾರ್ಡ್, ನಮ್ಮ ಸಂಸತ್ತಿನ ಕಲಾಪ ಈ ನಾಲ್ಕನ್ನೂ ತಾರೀಖಿನ ಪ್ರಕಾರ ಜೋಡಿಸಿದಾಗಲೇ ಯಾರನ್ನು, ಯಾವಾಗ, ಯಾವ ಕಾನೂನಿನಡಿ ಹೊರಹಾಕಲಾಯಿತು ಎಂಬುದು ತಿಳಿಯಾಗುತ್ತದೆ. ಅದೇ ವರ್ಷದ ಕೊನೆಗೆ ಆರ್ಗಸ್ ಪತ್ರಿಕೆಯೇ ವಾಯ್ಸ್ ಆಫ್ ಉಗಾಂಡಾ ಎಂಬ ಸರ್ಕಾರಿ ಪತ್ರಿಕೆಯಾಯಿತು ಎಂಬ ವಿವರವನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು.

ದಾಖಲೆ ಸಿಗದಿದ್ದರೆ, ಅದು ಏಕೆ ಇಲ್ಲವೆಂದು ವಿಚಾರಿಸುವುದೂ ಸಂಶೋಧನೆಯ ಭಾಗವೇ. ಬ್ರಿಟಿಷರು ವಸಾಹತುಗಳನ್ನು ಬಿಡುವಾಗ ಸೂಕ್ಷ್ಮವೆನಿಸಿದ ಕಡತಗಳನ್ನು ಕೆಲವು ಕಡೆ ಸುಟ್ಟರು, ಕೆಲವನ್ನು ಗುಟ್ಟಾಗಿ ಇಂಗ್ಲೆಂಡಿಗೆ ಸಾಗಿಸಿದರು. 1950ರ ದಶಕದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ ಮೌ ಮೌ ಹೋರಾಟದ ಕಾಲದಲ್ಲಿ ಹಿಂಸೆಗೊಳಗಾದ ಕೆನ್ಯಾದ ವೃದ್ಧರು ಲಂಡನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿದ ಮೇಲೆಯೇ ಆ ಕಡತಗಳ ಇರುವಿಕೆ ಹೊರಬಿದ್ದು, 2012ರಿಂದ ಎಫ್‌ಸಿಒ 141 ಎಂಬ ಸರಣಿಯಾಗಿ ಸಾರ್ವಜನಿಕರಿಗೆ ತೆರೆದವು. 2012ಕ್ಕಿಂತ ಮೊದಲು ಬರೆದ ಪುಸ್ತಕಗಳನ್ನು ಓದುವಾಗ ಲೇಖಕರಿಗೆ ಈ ಕಡತಗಳು ಸಿಕ್ಕಿರಲಿಲ್ಲ ಎಂಬುದು ಗಮನದಲ್ಲಿರಲಿ. ಕೇಪ್ ಟೌನ್ ವಿಶ್ವವಿದ್ಯಾಲಯದ ಜಾಗರ್ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ತುತ್ತಾಗಿ ಆಫ್ರಿಕಾ ಅಧ್ಯಯನದ ಅಮೂಲ್ಯ ಸಂಗ್ರಹ ನಷ್ಟವಾಯಿತು. ಹಳೆಯ ಸೂಚಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪುಸ್ತಕ ಇಂದು ಇದೆಯೆಂದು ಭಾವಿಸದೆ ಬರೆದು ಕೇಳಬೇಕು. ಸರ್ಕಾರ ಬದಲಾದಾಗ ಇಲಾಖೆಗಳ ಜಾಲತಾಣಗಳಿಂದ ಕಣ್ಮರೆಯಾಗುವ ವರದಿಗಳಿಗೆ, ಜಾಲತಾಣಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ವಿಳಾಸವನ್ನು ಹಾಕಿ ನೋಡಬಹುದು.

ಸಿಕ್ಕಿದ್ದನ್ನು ಕೂಡಲೇ ಇಳಿಸಿಕೊಳ್ಳಿ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಕೈಕೊಡುವುದು ನಮಗೆಲ್ಲ ಗೊತ್ತಿರುವುದೇ. ನಾಳೆ ತೆರೆದು ಓದಿದರಾಯಿತು ಎಂದು ಕೊಂಡಿಯನ್ನಷ್ಟೇ ಉಳಿಸಿಕೊಂಡರೆ ಕೆಲಸ ನಿಲ್ಲುತ್ತದೆ. ಪ್ರತಿ ಕಡತಕ್ಕೂ ದೇಶ, ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಟ್ಟರೆ ಕಂಪ್ಯೂಟರ್ ತಾನೇ ಕಾಲಾನುಕ್ರಮದಲ್ಲಿ ಜೋಡಿಸಿಕೊಡುತ್ತದೆ. ಗೆಜೆಟ್ ಆದರೆ ಸಂಪುಟ, ಸಂಚಿಕೆ, ಪ್ರಕಟಣೆಯ ಸಂಖ್ಯೆ ಮತ್ತು ಪುಟ. ಪತ್ರಿಕೆಯಾದರೆ ತಾರೀಖು, ಪುಟ ಮತ್ತು ಅಂಕಣ. ಕಡತವಾದರೆ ಪತ್ರಾಗಾರ, ಇಲಾಖೆ, ಶಾಖೆ, ವರ್ಷ, ಕಡತ ಸಂಖ್ಯೆ ಮತ್ತು ಹಾಳೆಯ ಸಂಖ್ಯೆ. ಜಾಲತಾಣವಾದರೆ ನೋಡಿದ ದಿನಾಂಕ. ಅನುವಾದ ಯಂತ್ರದ್ದೋ, ವ್ಯಕ್ತಿಯದ್ದೋ, ನಿಮ್ಮದೋ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದು, ಮೂಲ ಪೋರ್ಚುಗೀಸ್ ಅಥವಾ ಇಂಗ್ಲಿಷ್ ವಾಕ್ಯವನ್ನು ಅಕ್ಷರ ತಪ್ಪದಂತೆ ಕೆಳಗೆ ನಕಲು ಮಾಡಿಕೊಳ್ಳಿ.